ಲಾಡಿಹುಳಕ್ಕೆ ಶಾಲೆಯ ಗುಳಿಗೆ ಸಾಲದು

"ಹೊಟ್ಟ್ಯಾಗ ಜಂತ ಆಗ್ಯಾವ, ಒಂದ್ ಗುಳಿಗಿ ಕೊಡ್ರಿ ಅಣ್ಣಾರ."

ಮೆಡಿಕಲ್ ಅಂಗಡಿ ದೇವದುರ್ಗದ್ದಿರಲಿ, ಮಾನ್ವಿಯದ್ದಿರಲಿ, ರಾಯಚೂರು ನಗರದ್ದಿರಲಿ, ಹೊತ್ತು ಕಳೆದರೆ ಈ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯವರು ಒಂದು ಅಲ್ಬೆಂಡಜೋಲ್ ಗುಳಿಗೆ ಕೊಡುತ್ತಾರೆ. ಯಾರಿಗೆ ಬೇಕು, ಅವರ ತೂಕ ಎಷ್ಟು, ಬಿದ್ದ ಹುಳ ನೋಡಲು ಹೇಗಿತ್ತು, ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬರುತ್ತದಾ? ಇದ್ಯಾವುದನ್ನೂ ಯಾರೂ ಕೇಳುವುದಿಲ್ಲ. ಕೊಂಡವರೂ ಹೇಳುವುದಿಲ್ಲ, ನಾಚಿಕೆ ಬೇರೆ.

ಸುದ್ದಿಗಾಗಿ ಈ ಮೂರು ಊರುಗಳ ನಡುವೆ ಓಡಾಡುವ ನಾವು ಇವತ್ತು ಈ ಒಂದು ಗುಳಿಗೆಯ ಬಗ್ಗೆಯೇ ಬರೆಯುತ್ತಿದ್ದೇವೆ. ನಮ್ಮ ಮಾತು ಇಷ್ಟೇ: ಜಂತಿನ ಗುಳಿಗೆ ಎಲ್ಲ ಹುಳಕ್ಕೂ ಒಂದೇ ಅಲ್ಲ. ಲಾಡಿಹುಳದ ಔಷಧಿ ಬೇರೆ, ಅಳತೆ ಬೇರೆ, ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳೂ ಬೇರೆ. ಆ ಔಷಧಿ ರಾಯಚೂರಿಗೆ ಹೋಗದೆ ತಾಲೂಕು ದವಾಖಾನೆಯಲ್ಲೇ ಸಿಗಬೇಕು.

ಶಾಲೆಯಲ್ಲಿ ಕೊಡುವ ಗುಳಿಗೆ ಯಾವುದಕ್ಕೆ?

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಶಾಲೆ, ಅಂಗನವಾಡಿಯಲ್ಲಿ ಕೊಡುವ ಗುಳಿಗೆ ಒಳ್ಳೆಯದೇ. ಮಕ್ಕಳಿಗೆ ತಪ್ಪಿಸಬೇಡಿ. 2015ರ ಫೆಬ್ರವರಿಯಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮ ಅದು. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುತ್ತಮುತ್ತ ನಡೆಯುತ್ತದೆ. 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ 400 ಮಿಲಿಗ್ರಾಂ, ಎರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ ಗುಳಿಗೆ ಪುಡಿ ಮಾಡಿ.

ಆ ಕಾರ್ಯಕ್ರಮದ ಗುರಿ ಮಣ್ಣಿನಿಂದ ಬರುವ ಮೂರು ಹುಳ: ದುಂಡುಹುಳ, ಕೊಕ್ಕೆಹುಳ, ಚಾಟಿಹುಳ. ಬರಿಗಾಲಲ್ಲಿ ಹೊಲಕ್ಕೆ ಹೋಗುವ ನಮ್ಮ ಮಕ್ಕಳ ರಕ್ತ ಹೀರುವ ಕೊಕ್ಕೆಹುಳ ಕಡಿಮೆಯಾಗಬೇಕಾದರೆ ಆ ಗುಳಿಗೆ ಬೇಕೇ ಬೇಕು.

ಆದರೆ ಲಾಡಿಹುಳ ಆ ಪಟ್ಟಿಯಲ್ಲಿಲ್ಲ. ಅಲ್ಬೆಂಡಜೋಲ್‌ನ ಒಂದೇ ಗುಳಿಗೆಯಿಂದ ಲಾಡಿಹುಳ ಹೋಗೇ ಹೋಗುತ್ತದೆ ಎಂದು ನಂಬುವಂತಿಲ್ಲ. ಕೆಲವೊಮ್ಮೆ ಬಾಲದ ಕಡೆಯ ತುಂಡುಗಳು ಕಿತ್ತು ಬೀಳುತ್ತವೆ. ತಲೆ ಮಾತ್ರ ಕರುಳಿನ ಗೋಡೆಗೆ ಕಚ್ಚಿಕೊಂಡೇ ಇರುತ್ತದೆ. ಒಂದೆರಡು ತಿಂಗಳು ಏನೂ ಕಾಣುವುದಿಲ್ಲ, "ಹುಳ ಬಿತ್ತು, ಆರಾಮಾತು" ಅಂತ ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಆ ತಲೆಯಿಂದಲೇ ಹುಳ ಮತ್ತೆ ಬೆಳೆಯುತ್ತದೆ. ಸುಮಾರು ಮೂರು ತಿಂಗಳಿಗೆ ತುಂಡು ಮತ್ತೆ ಬೀಳತೊಡಗುತ್ತವೆ.

ಲಾಡಿಹುಳ ಅಂದರೆ ಯಾವುದು?

ಹೆಸರಲ್ಲೇ ಇದೆ. ಚಡ್ಡಿಯ ಲಾಡಿಯ ಹಾಗೆ ಚಪ್ಪಟೆ, ಬಿಳಿ, ಉದ್ದ. ಸಣ್ಣ ಸಣ್ಣ ತುಂಡು ಪೋಣಿಸಿದ ಹಾಗಿರುತ್ತದೆ. ನಮ್ಮಲ್ಲಿ ಮನುಷ್ಯರ ಕರುಳಿಗೆ ಬರುವುದು ಮುಖ್ಯವಾಗಿ ಮೂರು ಬಗೆ.

ಒಂದು, ದನದ ಮಾಂಸ ಸರಿಯಾಗಿ ಬೇಯದಿದ್ದಾಗ ಬರುವುದು. ಇದು ಹಲವು ಮೀಟರ್ ಬೆಳೆಯುತ್ತದೆ. ಇದರ ತುಂಡುಗಳಿಗೆ ಚಲನೆ ಇದೆ. ತಾವಾಗಿಯೇ ಹೊರಗೆ ಬಂದು ಒಳಬಟ್ಟೆಯ ಮೇಲೆ, ಹಾಸಿಗೆಯ ಮೇಲೆ ಹರಿದಾಡುತ್ತವೆ.

ಎರಡು, ಹಂದಿ ಮಾಂಸ ಸರಿಯಾಗಿ ಬೇಯದಿದ್ದಾಗ ಬರುವುದು. ಸಾಮಾನ್ಯವಾಗಿ 2ರಿಂದ 7 ಮೀಟರ್. ಉದ್ದದಲ್ಲಿ ಕಡಿಮೆ, ಅಪಾಯದಲ್ಲಿ ಎಲ್ಲಕ್ಕಿಂತ ಹೆಚ್ಚು. ಯಾಕೆಂದು ಮುಂದೆ ಹೇಳುತ್ತೇವೆ.

ಮೂರು, ಕುಳ್ಳ ಲಾಡಿಹುಳ. ಬರೀ 15ರಿಂದ 40 ಮಿಲಿಮೀಟರ್. ಇದಕ್ಕೆ ಮಾಂಸದ ಸಂಬಂಧವೇ ಇಲ್ಲ. ಮಲ ಸೋಕಿದ ಕೈಯಿಂದ ಬಾಯಿಗೆ, ಮಗುವಿನಿಂದ ಮಗುವಿಗೆ ಹರಡುತ್ತದೆ. ಶುದ್ಧ ಸಸ್ಯಾಹಾರಿ ಮನೆಯ ಕೂಸಿಗೂ ಬರಬಹುದು.

ಬಹಳ ಜನರಿಗೆ ಲಾಡಿಹುಳ ಇದ್ದದ್ದೇ ಗೊತ್ತಾಗುವುದಿಲ್ಲ. ಸ್ವಲ್ಪ ಹೊಟ್ಟೆನೋವು, ಸ್ವಲ್ಪ ಓಕರಿಕೆ, ಅಷ್ಟೇ. ತುಂಡು ಕಣ್ಣಿಗೆ ಬಿದ್ದಾಗ ಗಾಬರಿ.

ಮೂರು ಔಷಧಿ, ಮೂರು ಲೆಕ್ಕ

ಲಾಡಿಹುಳಕ್ಕೆ ವೈದ್ಯರ ಕೈಯಲ್ಲಿರುವ ಮುಖ್ಯ ಔಷಧಿ ಎರಡು. ಪ್ರಾಜಿಕ್ವಾಂಟೆಲ್ ಮತ್ತು ನಿಕ್ಲೋಸಮೈಡ್. ಅಲ್ಬೆಂಡಜೋಲ್ ಮೂರನೆಯದು, ಅದೂ ಬೇರೆ ಅಳತೆಯಲ್ಲಿ.

ಪ್ರಾಜಿಕ್ವಾಂಟೆಲ್ 1970ರ ದಶಕದಲ್ಲಿ ಜರ್ಮನಿಯ ಕಂಪನಿಗಳು ತಯಾರಿಸಿದ ಔಷಧಿ. ಇದು ಹುಳದ ಸ್ನಾಯು ಸೆಟೆದುಕೊಳ್ಳುವಂತೆ ಮಾಡಿ, ಅದರ ಚರ್ಮವನ್ನೇ ಹಾಳು ಮಾಡುತ್ತದೆ. ಹುಳದ ಹಿಡಿತ ತಪ್ಪುತ್ತದೆ. ದನದ ಮತ್ತು ಹಂದಿಯ ಲಾಡಿಹುಳಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 5ರಿಂದ 10 ಮಿಲಿಗ್ರಾಂ, ಒಂದೇ ಸಲ. ಕುಳ್ಳ ಲಾಡಿಹುಳಕ್ಕೆ ಪ್ರತಿ ಕಿಲೋಗೆ 25 ಮಿಲಿಗ್ರಾಂ.

ಈ ಲೆಕ್ಕ ಬಿಡಿಸಿ ನೋಡಿ. 50 ಕಿಲೋ ತೂಕದ ಕೂಲಿಯಾಳಿಗೆ ದನದ ಲಾಡಿಹುಳ ಇದ್ದರೆ, ಕಿಲೋಗೆ 10ರಂತೆ 500 ಮಿಲಿಗ್ರಾಂ. 20 ಕಿಲೋ ತೂಕದ ಅವರ ಮಗನಿಗೆ ಕುಳ್ಳ ಲಾಡಿಹುಳ ಇದ್ದರೆ, ಕಿಲೋಗೆ 25ರಂತೆ ಅದೂ 500 ಮಿಲಿಗ್ರಾಂ. ಅಪ್ಪನಿಗೂ ಮಗನಿಗೂ ಒಂದೇ ಅಳತೆ! "ಸಣ್ಣ ಹುಡುಗ, ಅರ್ಧ ಕೊಡ್ರಿ" ಎಂದು ಅಂಗಡಿಯಲ್ಲಿ ನಿಂತು ತೀರ್ಮಾನಿಸಿದರೆ ಹುಡುಗನ ಹುಳ ಉಳಿಯುತ್ತದೆ. ಯಾವ ಹುಳ, ಎಷ್ಟು ತೂಕ ಎಂಬುದು ಗೊತ್ತಿಲ್ಲದೆ ಈ ಔಷಧಿ ಕೊಡುವುದು ಅಳತೆಪಟ್ಟಿ ಇಲ್ಲದೆ ಅಂಗಿ ಹೊಲಿದಂತೆ.

ನಿಕ್ಲೋಸಮೈಡ್ ಇನ್ನೂ ಹಳೆಯದು. ಹುಳಕ್ಕೆ ಶಕ್ತಿ ಹುಟ್ಟುವುದನ್ನೇ ಇದು ನಿಲ್ಲಿಸುತ್ತದೆ. ದೊಡ್ಡವರಿಗೆ 2 ಗ್ರಾಂ ಒಂದೇ ಸಲ, ಅಂದರೆ 500 ಮಿಲಿಗ್ರಾಂನ ನಾಲ್ಕು ಗುಳಿಗೆ. ಚೆನ್ನಾಗಿ ಅಗಿದು ನುಂಗಬೇಕು. ಮಕ್ಕಳಿಗೆ ತೂಕದ ಲೆಕ್ಕ. ಇದರ ದೊಡ್ಡ ಗುಣ ಏನೆಂದರೆ, ಇದು ಕರುಳಿನಿಂದ ರಕ್ತಕ್ಕೆ ಹೋಗುವುದು ತೀರಾ ಕಡಿಮೆ. ಕರುಳಲ್ಲೇ ಕೆಲಸ ಮುಗಿಸುತ್ತದೆ. ಸತ್ತ ಹುಳದ ತಲೆ ಕರಗಿಹೋಗುವುದರಿಂದ ಮಲದಲ್ಲಿ ತಲೆ ಕಾಣಲಿಲ್ಲ ಎಂದು ಹೆದರಬೇಕಿಲ್ಲ.

ಅಲ್ಬೆಂಡಜೋಲ್ ಕೊಡುವುದಾದರೆ ದಿನಕ್ಕೆ 400 ಮಿಲಿಗ್ರಾಂನಂತೆ ಮೂರು ದಿನ. ದನದ, ಹಂದಿಯ ಲಾಡಿಹುಳಕ್ಕೆ ಇದು ಪರ್ಯಾಯ. ಶಾಲೆಯ ಒಂದು ಗುಳಿಗೆಗೂ ಇದಕ್ಕೂ ವ್ಯತ್ಯಾಸ ಎಷ್ಟಿದೆ ನೋಡಿ.

ಒಂದು ಅಗಿಯುವ ಗುಳಿಗೆ, ಇನ್ನೊಂದು ನೀರು ಕುಡಿದು ನುಂಗುವ ಗುಳಿಗೆ. ಪ್ರಾಜಿಕ್ವಾಂಟೆಲ್ ಅಗಿದರೆ ಅದರ ಕಹಿಗೆ ವಾಂತಿ ಬಂದೀತು. ಊಟದ ಜೊತೆ ನುಂಗಬೇಕು. ಇಷ್ಟು ಸಣ್ಣ ಮಾತೂ ಹೇಳಿಕೊಡುವವರು ಬೇಕಲ್ಲವೇ? ಇಲ್ಲಿನ ಲೆಕ್ಕ ಓದಿ ನೀವೇ ತಂದು ನುಂಗಲಿ ಎಂದು ನಾವು ಬರೆದಿಲ್ಲ. ಕೊಡುವವರು ಲೆಕ್ಕ ಹಾಕುತ್ತಿದ್ದಾರಾ ಎಂದು ನಿಮಗೆ ಗೊತ್ತಾಗಲಿ ಎಂದು ಬರೆದಿದ್ದೇವೆ.

ಫಿಟ್ಸ್ ಬಗ್ಗೆ ಕೇಳದೆ ಕೊಟ್ಟರೆ

ಈಗ ಹಂದಿಯ ಲಾಡಿಹುಳಕ್ಕೆ ಬರೋಣ. ಮಾಂಸದಲ್ಲಿರುವ ಗುಳ್ಳೆ ತಿಂದರೆ ಹೊಟ್ಟೆಯಲ್ಲಿ ಹುಳ ಆಗುತ್ತದೆ. ಆ ಹುಳ ಇರುವವರ ಮಲದಲ್ಲಿ ಸಾವಿರಾರು ಮೊಟ್ಟೆ ಹೊರಗೆ ಬರುತ್ತವೆ. ಹಂದಿ ಆ ಮಲ ತಿಂದರೆ ಹಂದಿಯ ಮಾಂಸದಲ್ಲಿ ಗುಳ್ಳೆ. ಅದೇ ಮೊಟ್ಟೆ ಕೈಯಿಂದ, ತೊಳೆಯದ ಕೊತ್ತಂಬರಿಯಿಂದ, ನೀರಿನಿಂದ ಮನುಷ್ಯನ ಬಾಯಿಗೆ ಹೋದರೆ? ಆಗ ಗುಳ್ಳೆ ಮನುಷ್ಯನ ಮೈಯಲ್ಲೇ ಆಗುತ್ತದೆ. ಮಿದುಳಿನಲ್ಲಿ ಆದರೆ ಫಿಟ್ಸ್.

ಅಂದರೆ ಹಂದಿ ಮಾಂಸ ತಿಂದವರಿಗೆ ಹೊಟ್ಟೆಯಲ್ಲಿ ಹುಳ. ಅವರ ಪಕ್ಕದ ಮನೆಯಲ್ಲಿ, ಮೊಟ್ಟೆಯನ್ನೂ ಮುಟ್ಟದ ಕುಟುಂಬದ ಹುಡುಗಿಗೆ ಮಿದುಳಲ್ಲಿ ಗುಳ್ಳೆ. ಇದು ಕಟ್ಟುಕತೆಯಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ, ಧರ್ಮದ ಕಟ್ಟಳೆಯಿಂದ ಹಂದಿ ಮಾಂಸವನ್ನೇ ತಿನ್ನದ ಯಹೂದಿ ಮನೆಗಳಲ್ಲಿ ನಾಲ್ಕು ಜನರಿಗೆ ಈ ಕಾಯಿಲೆ ಬಂತು. ಬೇರೆ ದೇಶದಿಂದ ಮನೆಗೆಲಸಕ್ಕೆ ಬಂದವರ ಹೊಟ್ಟೆಯಲ್ಲಿದ್ದ ಲಾಡಿಹುಳದಿಂದ ಸೋಂಕು ಬಂದಿರಬೇಕು ಎಂಬುದು ವೈದ್ಯರ ತನಿಖೆಯಲ್ಲಿ ತಿಳಿಯಿತು.

ದೂರದ ಊರು ಯಾಕೆ, ನಮ್ಮ ಪಕ್ಕದ ತಮಿಳುನಾಡಿನ ವೆಲ್ಲೂರು ನೋಡಿ. ಅಲ್ಲಿನ ಸಿಎಂಸಿ ವೈದ್ಯರು 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಫಿಟ್ಸ್ ಬರುತ್ತಿದ್ದವರ ಪೈಕಿ ಸುಮಾರು ಮೂವರಲ್ಲಿ ಒಬ್ಬರಿಗೆ ಕಾರಣ ಮಿದುಳಿನ ಈ ಗುಳ್ಳೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿದಾಗ, ಸಾವಿರಕ್ಕೆ ನಗರದಲ್ಲಿ 5.7 ಜನರಿಗೆ, ಹಳ್ಳಿಯಲ್ಲಿ 11.9 ಜನರಿಗೆ ಮೂರ್ಛೆ ರೋಗ ಇತ್ತು. ಹಳ್ಳಿಯಲ್ಲಿ ಎರಡು ಪಟ್ಟು. ಎಲ್ಲ ಫಿಟ್ಸ್‌ಗೂ ಹುಳವೇ ಕಾರಣ ಎಂದಲ್ಲ. ಆದರೆ ಫಿಟ್ಸ್ ಬಂದವರನ್ನು ದೆವ್ವ ಬಿಡಿಸಲು ಕರೆದೊಯ್ಯುವ ನಮ್ಮ ಸೀಮೆಯಲ್ಲಿ, ಫಿಟ್ಸ್ ಎಂದು ಗೊತ್ತಾದರೆ ಹೆಣ್ಣುಮಕ್ಕಳ ಲಗ್ನ ಮುರಿಯುವ ನಮ್ಮ ಊರುಗಳಲ್ಲಿ, ತಡೆಯಬಹುದಾದ ಒಂದು ಕಾರಣ ಇದೆ ಎಂಬುದು ದೊಡ್ಡ ಮಾತು.

ಈಗ ಔಷಧಿಗೆ ಮರಳಿ ಬನ್ನಿ. ಪ್ರಾಜಿಕ್ವಾಂಟೆಲ್ ರಕ್ತಕ್ಕೆ ಹೋಗುತ್ತದೆ, ಮಿದುಳಿಗೂ ತಲುಪುತ್ತದೆ. ಮಿದುಳಲ್ಲಿ ಗುಳ್ಳೆ ಇರುವವರು ಹೊಟ್ಟೆಯ ಹುಳಕ್ಕೆಂದು ಇದನ್ನು ನುಂಗಿದರೆ, ಆ ಗುಳ್ಳೆ ಸಾಯುವಾಗ ಸುತ್ತ ಊತ ಬಂದು ಫಿಟ್ಸ್ ಬರಬಹುದು. ಅಲ್ಬೆಂಡಜೋಲ್ ಕೂಡ ಮಿದುಳಿಗೆ ತಲುಪುವ ಔಷಧಿಯೇ. ಮಿದುಳಿನ ಗುಳ್ಳೆಗೆ ಕೊಡುವಾಗ ಊತ ತಡೆಯುವ ಔಷಧಿ, ಫಿಟ್ಸ್ ಔಷಧಿ ಜೊತೆಗಿಟ್ಟು ವೈದ್ಯರು ನೋಡಿಕೊಳ್ಳುತ್ತಾರೆ. ಅದಕ್ಕೇ, ಫಿಟ್ಸ್ ಇದ್ದವರಿಗೆ, ವಿಪರೀತ ತಲೆನೋವು ಇದ್ದವರಿಗೆ ಹೊಟ್ಟೆಯ ಹುಳಕ್ಕೆ ರಕ್ತಕ್ಕೆ ಹೋಗದ ನಿಕ್ಲೋಸಮೈಡ್ ಒಳ್ಳೆಯ ಆಯ್ಕೆ.

"ನಿಮಗೆ ಅಥವಾ ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದಿತ್ತಾ?" ಇದು ಒಂದೇ ಸಾಲಿನ ಪ್ರಶ್ನೆ. ಅಂಗಡಿಯಲ್ಲಿ ಕೇಳುವುದಿಲ್ಲ, ಊರಿನ ಆರ್‌ಎಂಪಿ ಡಾಕ್ಟರ್ ಕೇಳುವುದಿಲ್ಲ. ಕೇಳಬೇಕು ಎಂಬುದು ನಮ್ಮ ಒತ್ತಾಯ.

ಸ್ಕ್ಯಾನ್ ರಾಯಚೂರಲ್ಲಿ, ಹುಳ ಊರಲ್ಲಿ

ನಮ್ಮ ಜಿಲ್ಲೆಯಲ್ಲಿ ಫಿಟ್ಸ್ ಬಂದವರ ದಾರಿ ಒಂದೇ. ಊರಿನಿಂದ ತಾಲೂಕಿಗೆ, ತಾಲೂಕಿನಿಂದ ರಾಯಚೂರಿನ ರಿಮ್ಸ್‌ಗೆ. ಅಲ್ಲಿ ಸ್ಕ್ಯಾನ್, ಚೀಟಿ, ಗುಳಿಗೆ. ರೋಗಿ ಊರಿಗೆ ವಾಪಸ್ ಬರುತ್ತಾರೆ. ರೋಗಿಯ ಚಿಕಿತ್ಸೆ ನಡೆಯುತ್ತದೆ.

ಆದರೆ ಆ ಮೊಟ್ಟೆ ಬಂದದ್ದು ಎಲ್ಲಿಂದ? ಬಹಳ ಸಲ ಅದೇ ಮನೆಯಿಂದ, ಅದೇ ಓಣಿಯಿಂದ. ಅಲ್ಲಿ ಯಾರದೋ ಹೊಟ್ಟೆಯಲ್ಲಿ ಹುಳ ಇನ್ನೂ ಇದೆ. ಅವರಿಗೆ ನೋವಿಲ್ಲ, ಗೊತ್ತೂ ಇಲ್ಲ. ಅವರೇ ರೊಟ್ಟಿ ಬಡಿಯುತ್ತಾರೆ, ಮಕ್ಕಳಿಗೆ ತುತ್ತು ಕೊಡುತ್ತಾರೆ. ಒಬ್ಬರ ಮಿದುಳಿಗೆ ತಿಂಗಳುಗಟ್ಟಲೆ ಔಷಧಿ ಕೊಟ್ಟು, ಪಕ್ಕದಲ್ಲಿ ಕೂತವರ ಹೊಟ್ಟೆಯ ಹುಳವನ್ನು ಹಾಗೇ ಬಿಡುವುದು ಒಡೆದ ಕಾಲುವೆಯ ಬಾಯಿ ಕಟ್ಟದೆ ಹೊಲದ ನೀರು ಎತ್ತಿ ಚೆಲ್ಲಿದ ಹಾಗೆ.

ಸ್ಕ್ಯಾನ್‌ನಲ್ಲಿ ಗುಳ್ಳೆ ಕಂಡ ದಿನವೇ ಒಂದು ಸೂಚನೆ ರೋಗಿಯ ಊರಿನ ಪಿಎಚ್‌ಸಿಗೆ ಬರಬೇಕು. ಆಶಾ ಕಾರ್ಯಕರ್ತೆ ಆ ಮನೆಗೆ ಹೋಗಿ, ಯಾರಿಗಾದರೂ ಬಿಳಿ ತುಂಡು ಬೀಳುತ್ತಿದೆಯಾ ಎಂದು ಗುಟ್ಟಾಗಿ ಕೇಳಬೇಕು. ಮನೆಯವರೆಲ್ಲರ ಮಲ ಪರೀಕ್ಷೆ ಆಗಬೇಕು. ಹುಳ ಇದ್ದವರಿಗೆ ಸರಿಯಾದ ಔಷಧಿ ಅಲ್ಲೇ ಸಿಗಬೇಕು. ಕ್ಷಯ ರೋಗಿಯ ಮನೆಗೆ ಹೋಗಿ ಉಳಿದವರನ್ನು ವಿಚಾರಿಸುವ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ. ಅದೇ ಆಶಾ, ಅದೇ ದಾರಿ.

ತಾಲೂಕು ದವಾಖಾನೆಯಲ್ಲಿ ಯಾಕೆ ಬೇಕು?

ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರಿಗೆ ಹೋಗಿ ಬರುವುದೆಂದರೆ ಒಂದು ದಿನ ಹೋದಂತೆಯೇ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ನಿಜ. ಕೂಲಿ ಪುಕ್ಕಟೆ ಅಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ, ಭತ್ತ ನಾಟಿ ಕಾಲದಲ್ಲಿ ನಾಲ್ಕು ಗುಳಿಗೆಗಾಗಿ ಒಂದು ದಿನದ ಕೂಲಿ ಬಿಡಲು ಯಾರು ತಯಾರಿದ್ದಾರೆ? ಗುಳೆ ಹೋಗುವ ಮನೆಯವರು ಹುಳವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬೆಂಗಳೂರಿನ ಶೆಡ್ಡಿಗೆ ಹೋಗುತ್ತಾರೆ.

2002ರ ನಂಜುಂಡಪ್ಪ ಸಮಿತಿ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಸೇರಿಸಿತು. ಆಮೇಲೆ 371(ಜೆ) ಬಂತು, ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಬಂತು. ಕಟ್ಟಡಗಳು ಬಂದವು, ಒಳ್ಳೆಯದು. ಗುಳಿಗೆಯ ಪಟ್ಟಿಗೆ ಅಡಿಗಲ್ಲು ಹಾಕಲು ಆಗುವುದಿಲ್ಲ, ಟೇಪು ಕತ್ತರಿಸಲು ಬರುವುದಿಲ್ಲ. ಅದಕ್ಕೇ ಅದರ ಬಗ್ಗೆ ಮಾತಾಡುವವರು ಕಡಿಮೆ. ನಾವು ಕೇಳುತ್ತಿರುವುದು ದೊಡ್ಡ ಯಂತ್ರವಲ್ಲ. ಎರಡೂ ತಾಲೂಕು ದವಾಖಾನೆಗಳಲ್ಲಿ ಪ್ರಾಜಿಕ್ವಾಂಟೆಲ್ ಮತ್ತು ನಿಕ್ಲೋಸಮೈಡ್ ವರ್ಷವಿಡೀ ಇರಲಿ, ಮಲ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಷಿಯನ್ ಇರಲಿ, ತೂಕದ ಯಂತ್ರ ಇರಲಿ. ದವಾಖಾನೆಗಳ ಆರೋಗ್ಯ ರಕ್ಷಾ ಸಮಿತಿಗಳು ಇದನ್ನು ತಮ್ಮ ಸಭೆಯಲ್ಲಿ ಚರ್ಚೆಗೆ ತರಲಿ.

"ಗುಳಿಗೆ ಬೇಡ, ಸಂಡಾಸ ಕಟ್ಟಿಸಿ" ಎನ್ನುವವರಿಗೆ

ಈ ಮಾತಲ್ಲಿ ಅರ್ಧ ಸತ್ಯ ಇದೆ. 2019ರ ಅಕ್ಟೋಬರ್ 2ರಂದು ಹಳ್ಳಿಗಾಡು ಬಯಲು ಶೌಚ ಮುಕ್ತ ಎಂದು ಘೋಷಣೆ ಆಯಿತು. ಬೆಳಗ್ಗೆ ನಮ್ಮೂರ ದಾರಿಗಳಲ್ಲಿ ಚರಗಿ ಹಿಡಿದು ಹೋಗುವವರನ್ನು ಕಂಡವರಿಗೆ ನಿಜ ಗೊತ್ತು. ಮಲ ಬಯಲಲ್ಲಿ ಬೀಳುವವರೆಗೂ, ಹಂದಿ ಅಲ್ಲಿ ತಿರುಗುವವರೆಗೂ ಹುಳದ ಸುತ್ತು ನಿಲ್ಲದು. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಸಾವುಗಳಾದಾಗ ಮಂತ್ರಿಗಳಿಂದ ಹಿಡಿದು ಟಿವಿಯವರವರೆಗೆ ಎಲ್ಲರೂ ಬಂದರು. ಲಾಡಿಹುಳ ಹಾಗೆ ಒಂದೇ ವಾರದಲ್ಲಿ ಕೊಲ್ಲುವುದಿಲ್ಲ, ಅದಕ್ಕೆ ಸುದ್ದಿಯೂ ಆಗುವುದಿಲ್ಲ.

ಆದರೆ ಸಂಡಾಸ ಮುಗಿಯುವವರೆಗೆ ಈಗ ಹೊಟ್ಟೆಯಲ್ಲಿರುವ ಹುಳ ಕಾಯುತ್ತಾ ಕೂರುವುದಿಲ್ಲ. ದಕ್ಷಿಣ ಅಮೆರಿಕದ ಪೆರು ದೇಶದ ತುಂಬೆಸ್ ಸೀಮೆಯಲ್ಲಿ 107 ಹಳ್ಳಿಗಳಲ್ಲಿ ಏನು ಮಾಡಿದರು ಗೊತ್ತೇ? ಜನರಿಗೆ ನಿಕ್ಲೋಸಮೈಡ್, ಹಂದಿಗಳಿಗೆ ಔಷಧಿ ಮತ್ತು ಲಸಿಕೆ, ಒಟ್ಟಿಗೇ. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 105 ಹಳ್ಳಿಗಳ ಹಂದಿಗಳಲ್ಲಿ ಜೀವಂತ ಗುಳ್ಳೆ ಸಿಗಲಿಲ್ಲ. ಅವರದೂ ನಮ್ಮಂಥದೇ ಬಡ ಹಳ್ಳಿಗಳು.

ಹಾಗಾದರೆ ನಮ್ಮಲ್ಲೂ ಊರಿಗೆಲ್ಲ ಪ್ರಾಜಿಕ್ವಾಂಟೆಲ್ ಹಂಚಿಬಿಡಿ ಎಂದು ನಾವು ಹೇಳುವುದಿಲ್ಲ. ಫಿಟ್ಸ್ ಅಪಾಯ ಮೇಲೆ ಹೇಳಿದ್ದೇವೆ. ಮೊದಲು ಹುಳ ಇರುವವರನ್ನು ಹುಡುಕುವ, ಸರಿಯಾಗಿ ಚಿಕಿತ್ಸೆ ಕೊಡುವ ಕೆಲಸ ಶುರುವಾಗಲಿ.

ಇನ್ನೊಂದು ಮಾತು. ಹಂದಿ ಸಾಕುವವರನ್ನು, ತಿನ್ನುವವರನ್ನು ಬೈದರೆ ಹುಳ ಸಾಯುವುದಿಲ್ಲ. ಬೈದಷ್ಟೂ ಅವರು ಮುಚ್ಚಿಡುತ್ತಾರೆ, ಮುಚ್ಚಿಟ್ಟಷ್ಟೂ ಮೊಟ್ಟೆ ಹರಡುತ್ತದೆ. ಏನು ತಿಂದಿರಿ ಎಂದು ಡಾಕ್ಟರ್ ಕೇಳಿದರೆ ಅದು ಹುಳದ ಜಾತಿ ತಿಳಿಯಲಿಕ್ಕೆ, ನಿಮ್ಮ ಜಾತಿ ತಿಳಿಯಲಿಕ್ಕಲ್ಲ. ಡಾಕ್ಟರುಗಳೂ ಹಾಗೇ ಕೇಳಲು ಕಲಿಯಬೇಕು. ಯಾವ ಮಾಂಸವೇ ಇರಲಿ, ಒಳಗೆ ಕೆಂಪು ಉಳಿಯದಂತೆ ಬೇಯಿಸಿದರೆ ಗುಳ್ಳೆ ಸಾಯುತ್ತದೆ. ಅರ್ಧ ಸುಟ್ಟ ಮಾಂಸ ಬೇಡ.

ಬಿಳಿ ತುಂಡು ಕಂಡರೆ ಏನು ಮಾಡಬೇಕು?

ಗಾಬರಿ ಬೇಡ. ಬರಿಗೈಯಲ್ಲಿ ಮುಟ್ಟಬೇಡಿ. ಕಡ್ಡಿಯಿಂದ ಎತ್ತಿ, ಮುಚ್ಚಳ ಇರುವ ಸಣ್ಣ ಡಬ್ಬಿಗೆ ಸ್ವಲ್ಪ ಉಪ್ಪುನೀರಿನಲ್ಲಿ ಹಾಕಿ. ಕೈಗೆ ಸೋಪು ಹಚ್ಚಿ ತೊಳೆಯಿರಿ. ಆ ಡಬ್ಬಿಯನ್ನು ದವಾಖಾನೆಗೆ ತನ್ನಿ. ದನದ ಹುಳದ ಮೊಟ್ಟೆ, ಹಂದಿ ಹುಳದ ಮೊಟ್ಟೆ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತವೆ. ತುಂಡು ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ.

ಮಲ ಪರೀಕ್ಷೆಯಲ್ಲಿ ಒಂದು ಸಲ ಏನೂ ಕಾಣದಿದ್ದರೆ ಹುಳ ಇಲ್ಲವೆಂದಲ್ಲ. ಬೇರೆ ಬೇರೆ ದಿನ ಮೂರು ಸಲ ಕೊಡಿ.

ಡಾಕ್ಟರ್ ಕೇಳದಿದ್ದರೂ ಮೂರು ಮಾತು ನೀವೇ ಹೇಳಿ: ತೂಕ ಎಷ್ಟು, ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದೆಯಾ, ಹೆಣ್ಣುಮಕ್ಕಳಾದರೆ ಬಸಿರಿದ್ದೀರಾ.

ಗುಳಿಗೆ ನುಂಗಿ ಮುಗಿಯಿತು ಎಂದು ಬಿಡಬೇಡಿ. ಒಂದು ತಿಂಗಳಿಗೆ, ಮೂರು ತಿಂಗಳಿಗೆ ಮತ್ತೆ ಮಲ ಪರೀಕ್ಷೆ ಮಾಡಿಸಿ. ತಲೆ ಉಳಿದಿದ್ದರೆ ಆಗ ಸಿಕ್ಕಿಬೀಳುತ್ತದೆ.

ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ. ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಕೊಳಾಯಿ ಕೇಳುವ ಹೊತ್ತಿಗೆ ಇದನ್ನೂ ಒಂದು ಸಾಲು ಬರೆಸಿ: "ನಮ್ಮ ತಾಲೂಕು ದವಾಖಾನೆಯಲ್ಲಿ ಲಾಡಿಹುಳದ ಔಷಧಿ ಇರಬೇಕು." ನಡಾವಳಿ ಪುಸ್ತಕದಲ್ಲಿ ಬರೆದ ಸಾಲಿಗೆ ಅಧಿಕಾರಿಗಳು ಉತ್ತರ ಕೊಡಬೇಕಾಗುತ್ತದೆ. ಬರೆಸಿದ ಮೇಲೆ ನಮಗೂ ತಿಳಿಸಿ, ಅದರ ಬೆನ್ನು ಹತ್ತುವ ಕೆಲಸ ನಮ್ಮದು.